ರೊಟ್ಟಿಯ ಮೇಲೆ ಬಡಿದ ನಂಬರು

ಈಗಷ್ಟೇ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿ ರೊಟ್ಟಿ ಮುರಿದಿದ್ದೆ, ಮೇಜಿನ ಮೇಲಿದ್ದ ಫೋನು ಗುರುಗುಟ್ಟತೊಡಗಿತು. ಪರದೆಯೆಲ್ಲ ಕೆಂಪು, ನಡುವೆ ‘ಸ್ಪ್ಯಾಮ್ ಇರಬಹುದು’ ಎಂಬ ಎಚ್ಚರಿಕೆ. ಎದುರಿಗೆ ಕೂತಿದ್ದ ಸಹೋದ್ಯೋಗಿ ಮಂಜುಳಾ ಮೇಡಂ ಬಗ್ಗಿ ನೋಡಿ, “ಕಟ್ ಮಾಡಿ ಉಣ್ರಿ ಸರ್, ಇವರದು ದಿನಾ ಇದ್ದದ್ದ” ಎಂದರು. ಸಲಹೆ ಒಳ್ಳೆಯದೇ. ಆದರೆ ಇಂದು ಶುಕ್ರವಾರ, ಮತ್ತು ನಾನು ನೀಲತ್ತಿಯ ಸೋದರಳಿಯ. ಇವೆರಡಕ್ಕೂ ಈ ಫೋನಿಗೂ ಏನು ಸಂಬಂಧ ಎಂದು ಹೇಳಿಬಿಡುತ್ತೇನೆ, ಸ್ವಲ್ಪ ತಡೆಯಿರಿ. ಇಂಥ ಫೋನುಗಳು ಅಷ್ಟು ಬೇಗ ಸುಮ್ಮನಾಗುವುದಿಲ್ಲ.

ಹಿಂದೆ ನಾನೂ ಕಟ್ ಮಾಡುವವರಲ್ಲಿ ಶೂರನೇ. ಸಾಲ ಬೇಕೇ ಎನ್ನುವವರು, ಸೈಟು ಬೇಕೇ ಎನ್ನುವವರು, ನಿಮ್ಮ ನಂಬರಿಗೆ ಕಾರು ಬಂದಿದೆ ಎನ್ನುವವರು, ಹುಣ್ಣಿಮೆಯ ದಿನ ಹುಲಿಗಿಯ ಅಮ್ಮನ ಗುಡಿಗೆ ಹೊರಟ ಬಸ್ಸುಗಳಂತೆ ಒಬ್ಬರ ಹಿಂದೊಬ್ಬರು. ನನ್ನ ಮಗಳ ಮದುವೆ ನಿಶ್ಚಯವಾದ ಸುದ್ದಿ ತಳಕಲ್ಲಿನ ನೆಂಟರಿಗೆ ಮುಟ್ಟುವ ಮೊದಲೇ ಮದುವೆ ಸಾಲ ಕೊಡುವವರಿಗೆ ಮುಟ್ಟಿತ್ತು. ಒಂದೊಂದು ನಂಬರನ್ನೂ ಬ್ಲಾಕ್ ಮಾಡಿದಾಗ ತಿಗಣೆ ಹಿಸುಕಿದಷ್ಟು ಸಮಾಧಾನವಾಗುತ್ತಿತ್ತು. ಹೆಂಡತಿಯ ಮಾತಿಗೆ ಎದುರಾಡದ ನನ್ನಂಥವನಿಗೆ ಶೌರ್ಯ ತೋರಿಸಲು ಬೇರೆ ಜಾಗವಾದರೂ ಎಲ್ಲಿತ್ತು?

ನಮ್ಮ ನೀಲತ್ತಿಯ ರೀತಿಯೇ ಬೇರೆ. ಅವಳು ನಮ್ಮಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಕೊಪ್ಪಳಕ್ಕೆ ನಮ್ಮ ಮನೆಗೆ ಬಂದವಳು, ಕೈ ಕಟ್ಟಿ ಕೂಡುವ ಜಾತಿಯಲ್ಲವಾದ್ದರಿಂದ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಕಡಕ್ ರೊಟ್ಟಿ ಮಾಡಿ ಮಾರತೊಡಗಿದಳು. ಅವಳಿಗೆ ಬರುವ ಫೋನೆಂದರೆ ಮನೆಗೆ ಬಂದ ಅತಿಥಿ. ಯಾರೇ ಮಾಡಲಿ, ಮೊದಲು ಊಟದ ವಿಚಾರಣೆ. “ಊಟ ಆತೇನವಾ? ಏನ್ ಮಾಡಿದ್ದಿ?” ಕ್ರೆಡಿಟ್ ಕಾರ್ಡ್ ಮಾರುವ ಹುಡುಗಿ ತಬ್ಬಿಬ್ಬಾಗಿ, “ಇನ್ನೂ ಇಲ್ಲಮ್ಮಾ” ಎನ್ನುವಳು. “ಎರಡು ಹೊಡದೈತಿ, ಇನ್ನೂ ಉಂಡಿಲ್ಲ? ಹೊಟ್ಟಿ ಸುಟ್ಕೊಂಡು ಎಂಥಾ ನೌಕರಿ ನಿಂದು!” ಎಂದು ಅತ್ತಿ ಗದರುವಳು. ತಾನಾಗಿ ಎಂದೂ ಫೋನ್ ಇಡುತ್ತಿರಲಿಲ್ಲ. ಕೇಳಿದರೆ, “ಬಂದಾವ್ರನ್ನ ಏಳ್ರಿ ಅನಬಾರ್ದು ತಮ್ಮಾ, ಅವರಾಗೇ ಏಳಬೇಕು” ಎನ್ನುವಳು.

ಆದರೆ ಊಟ ಕೇಳುವುದಕ್ಕೂ ಮುಂಚೆ ಅವಳು ಕೇಳುತ್ತಿದ್ದ ಪ್ರಶ್ನೆ ಇನ್ನೊಂದಿತ್ತು. ಗೊತ್ತಿಲ್ಲದ ನಂಬರು ಬಂದರೆ ಹಿಟ್ಟಿನ ಕೈಯಲ್ಲೇ ಎತ್ತಿ, “ಖಾತೂನಾ?” ಎನ್ನುವಳು.

ಖಾತೂನಬಿ ಹಿಂದಿನ ಗಲ್ಲಿಯವಳು, ನಮಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಅತ್ತಿಯ ಜೊತೆ ಹನ್ನೆರಡು ವರ್ಷ ಎದುರಾಬದುರಾ ಕೂತು ರೊಟ್ಟಿ ಬಡಿದವಳು. ಒಬ್ಬಳು ಬಡಿದರೆ ಇನ್ನೊಬ್ಬಳು ಬೇಯಿಸುವಳು, ಸೊಂಟ ಹಿಡಿದಾಗ ಅದಲುಬದಲು. ಗಂಡ ಹೋದ ಮೇಲೆ ಖಾಲಾ ರಾಯಚೂರಿನ ಮಗಳ ಮನೆಗೆ ಹೋಗಬೇಕಾಯಿತು. ಅವಳಿಗೆ ಓದು ಬರುತ್ತಿರಲಿಲ್ಲ, ಸ್ವಂತ ಫೋನಿರಲಿಲ್ಲ. ಮಗಳ ಮನೆಯ ಒಂದೇ ಫೋನು ಬೆಳಿಗ್ಗೆ ಅಳಿಯನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಚೀಟಿಯಲ್ಲಿ ನಂಬರು ಬರೆದುಕೊಡೋಣ ಎಂದರೆ ಚೀಟಿ ಕಳೆದರೆ?

ಆಗ ಅತ್ತಿ ಒಂದು ಉಪಾಯ ಹುಡುಕಿದಳು. ನಂಬರನ್ನು ರೊಟ್ಟಿಯ ಮೇಲೆ ಬಡಿಯುವುದು. ಎಂಟು ಬಂದರೆ ಎಂಟು ಬಡಿತ, ಮೂರು ಬಂದರೆ ಮೂರು, ಸೊನ್ನೆ ಬಂದರೆ ಬಡಿಯದೆ ರೊಟ್ಟಿಯನ್ನು ಒಮ್ಮೆ ಗರ್ರನೆ ತಿರುಗಿಸುವುದು. ಎಂಟು ದಿನ ಇಬ್ಬರೂ ಅದನ್ನೇ ಬಡಿದರು. ಆ ವಾರ ರೊಟ್ಟಿಗಳು ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗಾಗಿ ಗಿರಾಕಿಗಳಿಂದ ಬೈಸಿಕೊಂಡದ್ದೂ ಆಯಿತು. ಒಂಬತ್ತನೆಯ ದಿನ ಖಾಲಾ ಕಣ್ಣು ಮುಚ್ಚಿ ಹತ್ತೂ ಅಂಕಿ ಬಡಿದು ತೋರಿಸಿದಳು. ಅತ್ತಿ ಆ ರೊಟ್ಟಿಯನ್ನು ಮಾರಲಿಲ್ಲ, ಇಬ್ಬರೂ ಮುರಿದುಕೊಂಡು ತಿಂದರು.

ಅಂದಿನಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ಖಾಲಾಳ ಫೋನು. ಒಂದು ವಾರ ಕಿರಾಣಿ ಅಂಗಡಿಯವನದು, ಒಂದು ವಾರ ಆಟೋದವನದು, ಒಂದು ವಾರ ದಾರಿಯಲ್ಲಿ ಹೋಗುವ ಯಾರದೋ. ಎಂದೂ ಒಂದೇ ನಂಬರಲ್ಲ. ಹೀಗಾಗಿ ಅತ್ತಿಗೆ ಗುರುತಿಲ್ಲದ ನಂಬರೆಂದರೆ ಗೆಳತಿ ಇರಬಹುದಾದ ನಂಬರು.

ಇದೆಲ್ಲ ಗೊತ್ತಿದ್ದೂ ನಾನು ಮಾಡಿದ ಬುದ್ಧಿವಂತಿಕೆ ಕೇಳಿ. ಒಂದು ದಿನ ಅತ್ತಿ, “ಯಾರೋ ಟೋಪಿ ಬಂದೈತಿ, ಟೋಪಿ ಹೇಳ್ರಿ ಅಂತ ಗಂಟ ಬಿದ್ದಿದ್ದ ತಮ್ಮಾ” ಎಂದಳು. ಅವನು ಕೇಳಿದ್ದು ಓಟಿಪಿ.

“ನೀ ಏನಂದಿ?”

“ಟೋಪಿ ನಮ್ಮ ಮನಿಯವರು ಹಾಕ್ತಿದ್ರಪಾ, ಬಿಳೀದು. ಅವರು ಹೋಗಿ ಹದಿನೈದು ವರ್ಷಾತು. ಈಗ ಮನ್ಯಾಗ ಟೋಪಿ ಹಾಕವ್ರು ಯಾರೂ ಇಲ್ಲ ಅಂದೆ. ಇಟ್ಟಬಿಟ್ಟ. ಪಾಪ, ಟೋಪಿ ಮಾರಾಂವ ಇರಬೇಕು.”

ಟೋಪಿ ಹಾಕಲು ಬಂದವನು ಬರಿಗೈಲಿ ಹೋಗಿದ್ದ. ನಕ್ಕು ನಕ್ಕು ಸಾಕಾಯಿತು, ಜೊತೆಗೆ ಹೆದರಿಕೆಯೂ ಆಯಿತು. ಅಂದೇ ಅವಳ ಫೋನಿನಲ್ಲಿ, ಹೆಸರು ಸೇರಿಸಿದ ನಂಬರುಗಳು ಮಾತ್ರ ರಿಂಗಾಗುವಂತೆ ಮಾಡಿದೆ. “ಇನ್ನ ಯಾರ ಕಾಟಾನೂ ಇಲ್ಲತ್ತಿ” ಎಂದಷ್ಟೇ ಹೇಳಿದೆ. ಶುಕ್ರವಾರ ನನಗೆ ನೆನಪಾಗಲಿಲ್ಲ. ನಿಜವಾಗಿಯೂ ಆಗಲಿಲ್ಲ.

ಫೋನು ಶಾಂತವಾಯಿತು. ಅತ್ತಿ ಅದನ್ನು ಒಲೆಯ ಹತ್ತಿರದ ಗೂಡಿನಿಂದ ತೆಗೆದು ಮೊಣಕಾಲ ಪಕ್ಕ ಇಟ್ಟುಕೊಂಡಳು. ಎರಡನೆಯ ಶುಕ್ರವಾರ ಅವಳು ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ಶುಕ್ರವಾರ ಸಂಜೆ, “ತಮ್ಮಾ, ಇದು ಕೆಟ್ಟೈತೇನು ನೋಡು. ಇಲ್ಲಾ, ಖಾತೂನಗ ಏನರ ಆಗೇತೇನು” ಎಂದು ಫೋನನ್ನು ನನ್ನ ಕೈಗಿಟ್ಟಳು.

ಒಳಗೆ ಬಿಡದೆ ವಾಪಸು ಕಳಿಸಿದ ಕರೆಗಳ ಪಟ್ಟಿ ತೆರೆದೆ. ಉದ್ದನೆಯ ಪಟ್ಟಿ. ನಾಲ್ಕೂ ಶುಕ್ರವಾರ ಮಧ್ಯಾಹ್ನ ಎರಡರ ಆಸುಪಾಸು, ಒಂದೊಂದು ವಾರ ಒಂದೊಂದು ನಂಬರಿನಿಂದ, ಐದೈದು ಸಲ ಬೆನ್ನು ಬೆನ್ನಿಗೆ ಬಂದಿದ್ದವು. ಸಾಲ ಮಾರುವವರು ಹಾಗೆ ಮಾಡುವುದಿಲ್ಲ. ಅಂಗಳಕ್ಕೆ ಹೋಗಿ ಕೊನೆಯ ನಂಬರಿಗೆ ಫೋನ್ ಮಾಡಿದೆ. ಒಬ್ಬ ಕಿರಾಣಿ ಅಂಗಡಿಯವನು ಎತ್ತಿದ.

“ಆ ಮುದುಕವ್ವ ಏನ್ರಿ? ನಂಬರ್ ಹೇಳ್ರಿ ಅಂದ್ರ ನನ್ನ ಗಲ್ಲಾಪೆಟ್ಟಿಗಿ ಮ್ಯಾಲ ಬಡಿತಾರ್ರಿ. ನಾ ಎಣಿಸಿ ಎಣಿಸಿ ಒತ್ತಬೇಕು. ಇವತ್ತ ಅತ್ಕೊಂತ ಹೋದ್ರು ನೋಡ್ರಿ. ‘ನೀಲಕ್ಕಗ ನನ್ನ ಮ್ಯಾಲ ಸಿಟ್ಟು ಬಂದೈತಿ, ಫೋನ್ ಎತ್ತವಲ್ಲಳು’ ಅಂದ್ರು.”

ಒಳಗೆ ಹೋಗಿ ಅತ್ತಿಯ ಮುಂದೆ ಕೂತು ಎಲ್ಲ ಹೇಳಿದೆ. ಬೈಯಲಿ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಸೆರಗಿನಿಂದ ಫೋನಿನ ಹಿಟ್ಟು ಒರೆಸಿದಳು. ಆಮೇಲೆ ಅಂದಳು: “ಬಾಗಿಲಾ ಹಾಕಿದ್ದು ನನಗೊಂದು ಮಾತು ಹೇಳಬೇಕಿಲ್ಲೇನು ತಮ್ಮಾ? ನಾನರ ಹೊರಗ ಕಟ್ಟಿ ಮ್ಯಾಲ ಕುಂದರ್ತಿದ್ದೆ.”

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅಂಗಡಿಯವನ ಕೈಯಲ್ಲಿ ಹೇಳಿಕಳಿಸಿದೆವು, ಫೋನಿನ ಬಾಗಿಲು ತೆರೆದೆವು. ಮುಂದಿನ ಶುಕ್ರವಾರ ಎರಡಕ್ಕೆ ಮೊದಲು ಬಂದದ್ದು ಸಾಲದ ಹುಡುಗಿಯ ಫೋನು. ಅತ್ತಿ ಊಟ ಕೇಳಿದಳು, ಆಮೇಲೆ ಜೀವಮಾನದಲ್ಲಿ ಮೊದಲ ಸಲ, “ಇವತ್ತೊಂದಿನ ನೀ ಲಗೂನ ಏಳವಾ, ನಮ್ಮಾಕಿ ಬರೂದೈತಿ” ಎಂದಳು. ಅದರ ಹಿಂದೆಯೇ ಖಾಲಾ. ಇಬ್ಬರೂ ಮೊದಲು ಅತ್ತರು, ಆಮೇಲೆ ಜೋಳದ ರೇಟು ಮಾತಾಡಿದರು.

ಹೋದ ವರ್ಷ ನೀಲತ್ತಿ ತೀರಿಕೊಂಡಳು. ಅವಳ ಸಿಮ್ಮನ್ನು ನನ್ನ ಫೋನಿಗೆ ಹಾಕಿಕೊಂಡೆ. ಶುಕ್ರವಾರ ಬಂದ ಫೋನಿಗೆ ನಾನೇ ಸುದ್ದಿ ಹೇಳಬೇಕಾಯಿತು. ಖಾಲಾ ಫೋನು ಇಟ್ಟುಬಿಟ್ಟಳು. ಇನ್ನು ಈ ನಂಬರಿಗೆ ಅವಳು ಮಾಡಲಾರಳು ಎಂದುಕೊಂಡೆ. ಮುಂದಿನ ಶುಕ್ರವಾರ ಮತ್ತೆ ಬಂತು. “ಖಾಲಾ, ಅತ್ತಿ ಇಲ್ಲಲ್ಲ...” ಎಂದು ತಡವರಿಸಿದೆ.

“ಗೊತ್ತೈತಪಾ. ನನ್ನ ಕೈಗೆ ಬರೂದು ಅದೊಂದ ನಂಬರು. ಮತ್ಯಾರಿಗೆ ಮಾಡ್ಲಿ?”

ಇಷ್ಟು ಹೇಳುವಷ್ಟರಲ್ಲಿ ಮೇಜಿನ ಮೇಲಿನ ಫೋನು ಒಮ್ಮೆ ನಿಂತು ಮತ್ತೆ ಶುರುವಾಗಿದೆ. ಅದೇ ಕೆಂಪು, ಅದೇ ಎಚ್ಚರಿಕೆ. ಎಡಗೈಯಲ್ಲಿ ಎತ್ತಿ, “ಖಾಲಾ?” ಎಂದೆ.

“ಹೂಂನಪಾ. ಊಟ ಆತೇನು?” ಎಂದಿತು ಆ ದನಿ. “ಇದು ಬಾಜೂಮನಿ ಹುಡುಗಿ ಫೋನು. ದಿನಾ ನೂರು ಮಂದಿಗೆ ಫೋನ್ ಮಾಡಿ ಸಾಲ ಬೇಕೇನ್ರಿ ಅಂತ ಕೇಳೂ ನೌಕರಿ ಅಕೀದು. ಎಲ್ಲಾರೂ ಕಟ್ ಮಾಡ್ತಾರಂತ, ಪಾಪ. ‘ನೀ ಮಾಡೂ ಅವರೂ ಎತ್ತೂದಿಲ್ಲ ಅಜ್ಜಿ’ ಅಂದ್ಳು. ‘ನಮ್ಮಾಂವ ಎತ್ತತಾನ ನೋಡು’ ಅಂದೆ.”

ನೀರು ಕುಡಿದು, “ಆ ಹುಡುಗೀದು ಊಟ ಆತೇನು, ಕೇಳು ಖಾಲಾ” ಎಂದೆ. ಮಂಜುಳಾ ಮೇಡಂ ನನ್ನ ಮುಖ ನೋಡಿ, ನನ್ನ ಡಬ್ಬಿಯ ಮುಚ್ಚಳ ಮುಚ್ಚಿಟ್ಟರು.