ಗಿರಣಿಯಿಂದ ಟ್ರಾನ್ಸ್‌ಫಾರ್ಮರ್‌ವರೆಗೆ

ಆ ಊರಿನಲ್ಲಿ ಮೈಕಣ್ಣನ ಮುಖ ಗೊತ್ತಿಲ್ಲದವರು ಇರಬಹುದು, ಧ್ವನಿ ಗೊತ್ತಿಲ್ಲದವರು ಇಲ್ಲ. ಮೂವತ್ತೊಂದು ವರ್ಷದಿಂದ ಮೂರು ಗಾಲಿಯ ಗಾಡಿಯ ನೆತ್ತಿಗೆ ಎರಡು ಸ್ಪೀಕರ್ ಕಟ್ಟಿಕೊಂಡು, ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದು ಕೈಯಲ್ಲಿ ಮೈಕು ಹಿಡಿದು ಅವನು ಊರಿಗೆ ಸುದ್ದಿ ಹೇಳುತ್ತ ಬಂದಿದ್ದಾನೆ. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ, ಹೊಸ ಚಪ್ಪಲಿ ಅಂಗಡಿ ತೆರೆದಿದೆ, ಕಪ್ಪು ಮಚ್ಚೆಯ ಮೇಕೆ ಕಳೆದಿದೆ. ಒಂದು ಚುನಾವಣೆಯಲ್ಲಂತೂ ಬೆಳಿಗ್ಗೆ ಒಬ್ಬ ಅಭ್ಯರ್ಥಿಗೆ, ಸಂಜೆ ಅವನ ಎದುರಾಳಿಗೆ ಅದೇ ಗಂಟಲಿನಿಂದ ಜೈಕಾರ ಹಾಕಿದ್ದ. ಇಬ್ಬರೂ ತಾವೇ ಗೆಲ್ಲುವುದೆಂದು ಕೊನೆಯವರೆಗೆ ನಂಬಿದ್ದರು. ಹೆತ್ತವರು ಇಟ್ಟ ಹೆಸರೊಂದು ಅವನಿಗೂ ಇದೆ, ಆದರೆ ಅದು ಗುರುತಿನ ಚೀಟಿ ಬಿಟ್ಟು ಹೊರಗೆ ಬಂದದ್ದಿಲ್ಲ.

ರೆಕಾರ್ಡ್ ಹಾಕುವವರನ್ನು ಕಂಡರೆ ಅವನಿಗೆ ಆಗದು. "ಪೆನ್‌ಡ್ರೈವ್ ಚುಚ್ಚಿ ಸುಮ್ನೆ ಕೂರೋನು ಡ್ರೈವರು. ಅವನನ್ನ ಅನೌನ್ಸರ್ ಅಂತ ಯಾರಂತಾರೆ?" ಎಂದು ಮೂಗು ಮುರಿಯುತ್ತಿದ್ದ. ಪ್ರತಿ ತಿರುವಿನಲ್ಲೂ ಹಾಳೆ ನೋಡಿ ತಾನೇ ಓದಬೇಕು. ಮೈಕಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಮಾತು, ಬಿಟ್ಟರೆ ಮೌನ. ಆ ಹೆಬ್ಬೆರಳಿಗೆ ಊರಿನ ಇಪ್ಪತ್ತು ಬೀದಿಗಳೂ ಬಾಯಿಪಾಠವಾಗಿದ್ದವು.

ಇಷ್ಟು ಮಾತಿನ ಮನುಷ್ಯ ಮನೆಗೆ ಬಂದರೆ ಗಂಟಲಿಗೆ ವಿಶ್ರಾಂತಿ ಬೇಕೆಂದು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. ಊರಿಗೆ ದಿನವಿಡೀ ಮಾತು ಸುರಿದವನು ಹೆಂಡತಿಯ ಪಾಲಿಗೆ ಉಳಿಸಿಕೊಂಡು ಬರುತ್ತಿದ್ದದ್ದು ಮೂರು ಮಾತು: ಊಟ, ಚಹಾ, ಟವಲು. ಹೆಂಡತಿ ಬೀದಿ ಕಡೆಯ ಕಿಟಕಿಗೆ ಹೊಲಿಗೆ ಯಂತ್ರ ಹಾಕಿಕೊಂಡು ದಿಂಬಿನ ಚೀಲ, ಪರದೆ ಹೊಲಿಯುತ್ತಿದ್ದಳು. ಅವಳ ಮಾತನ್ನೆಲ್ಲ ಆ ಯಂತ್ರವೇ ಆಡುತ್ತಿತ್ತು.

ಅಂಥ ಮೈಕಣ್ಣನನ್ನು ಆರೋಗ್ಯ ಕೇಂದ್ರದ ನರ್ಸಮ್ಮ ಕರೆಸಿದಳು. ಆರು ತಿಂಗಳು, ವಾರಕ್ಕೆರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಊರೆಲ್ಲ ಸುತ್ತಿ ಕಾಯಿಲೆಗಳ ಬಗ್ಗೆ, ಹೆಂಗಸರ ಆರೋಗ್ಯದ ಹಕ್ಕಿನ ಬಗ್ಗೆ ಹೇಳಬೇಕು. ಎರಡು ಹಾಳೆ ಕೊಟ್ಟಳು. ಮೊದಲ ಹಾಳೆ ನೋಡಿ ಮೈಕಣ್ಣ ಹಿಗ್ಗಿಹೋದ. ಕ್ಷಯರೋಗಕ್ಕೆ ಗುಡುಗಿದ, ಸಕ್ಕರೆ ಕಾಯಿಲೆಯನ್ನು ರಾಗವಾಗಿ ಎಳೆದ, ರಕ್ತದೊತ್ತಡಕ್ಕೆ ಧ್ವನಿ ಏರಿಸಿ ಇಳಿಸಿದ. ಎರಡನೆಯ ಹಾಳೆಗೆ ಬಂದಾಗ ನಾಲಿಗೆ ಹೊರಳಲಿಲ್ಲ. ಆದರೂ ಮೂವತ್ತೊಂದು ವರ್ಷದ ಅನುಭವ ಸುಮ್ಮನೆ ಬಿಡುತ್ತದೆಯೇ? ತನ್ನ ಮರ್ಯಾದೆಗೆ ತಕ್ಕಂತೆ ತಿದ್ದಿ ಓದಿದ.

"ತಾಯಂದಿರೇ, ಅಕ್ಕತಂಗಿಯರೇ, ನಿಮಗೆ ಆ ಭಾಗದಲ್ಲಿ ಆ ತರಹದ್ದೇನಾದರೂ ಕಂಡುಬಂದಲ್ಲಿ, ಅದನ್ನು ಮುಚ್ಚಿಡದೆ ಅಲ್ಲಿಗೆ ಬಂದು ಅವರಿಗೆ ತೋರಿಸಿ!"

ಮರುದಿನ ಆರೋಗ್ಯ ಕೇಂದ್ರದ ಮುಂದೆ ಜನವೋ ಜನ. ಮುಕ್ಕಾಲು ಪಾಲು ಮಂಡಿನೋವಿನವರು, ಉಳಿದವರಿಗೆ ಹಲ್ಲು. ಒಬ್ಬ ಮುದುಕ ಕಿವಿಯೊಳಗೆ ಹೊಕ್ಕ ಇರುವೆಯನ್ನು ತೋರಿಸಲು ಬಂದಿದ್ದ. ಆ ಭಾಗದಲ್ಲಿ ಅಂದರಲ್ಲ ಸ್ವಾಮಿ, ಇದೂ ಒಂದು ಭಾಗವೇ ಅಲ್ಲವೇ ಎಂದು ಅವನ ವಾದ.

ನರ್ಸಮ್ಮ ಮೈಕಣ್ಣನನ್ನು ಒಳಗೆ ಕರೆದು ಬಾಗಿಲು ಹಾಕಿದಳು. "ಆ ಭಾಗ ಅಂದ್ರೆ ಯಾವ ಭಾಗ, ಹೇಳಿ ನೋಡೋಣ."

ಮೈಕಣ್ಣ ನೆಲ ನೋಡಿದ. "ನಿಮಗೇ ಗೊತ್ತಿದೆಯಲ್ಲ ಸಿಸ್ಟರ್."

"ನನಗೆ ಗೊತ್ತು. ಅವರಿಗೆ ಗೊತ್ತಾಗ್ಲಿ ಅಂತ ತಾನೆ ನಿಮ್ಮನ್ನ ಕರೆಸಿದ್ದು? ಹೇಳಿ. ಗರ್ಭಕೋಶ."

ಮುದ್ದೆ ನುಂಗಿದಂತೆ ಗಂಟಲು ಆಡಿತೇ ಹೊರತು ಸದ್ದು ಬರಲಿಲ್ಲ. ಗರ್ಭಕೋಶ, ಸ್ತನ, ಮುಟ್ಟು, ಬಿಳಿ ಸೆರಗು ಎಂದು ಒಂದೊಂದಾಗಿ ನರ್ಸಮ್ಮ ಬಿಡದೆ ಹೇಳಿಸಿದಳು. ಮೂರನೆಯ ಸುತ್ತಿಗೆ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಆರನೆಯ ಸುತ್ತಿಗೆ ಧ್ವನಿ ಕುದುರಿತು. ಕುದುರಿದ ಮೇಲೆ ಕೇಳಬೇಕೇ? ಹದಿನೈದು ದಿನದಲ್ಲಿ ಅವನು ಎರಡನೆಯ ಹಾಳೆಯನ್ನು ಊರೇ ನಿಂತು ಕೇಳುವ ಹಾಗೆ ಓದತೊಡಗಿದ. ಅದರಲ್ಲೂ ಕೊನೆಯ ಭಾಗ ಅವನ ಬಾಯಲ್ಲಿ ನಿಜಕ್ಕೂ ಮೊಳಗುತ್ತಿತ್ತು.

"ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ಅದು ಮುಟ್ಟಲ್ಲ, ಅಪಾಯದ ಸೂಚನೆ! ಒಂದು ದಿನವೂ ತಡಮಾಡದೆ ಬಂದು ತೋರಿಸಿ! ನಿಮ್ಮ ಪರೀಕ್ಷೆಗೆ, ನಿಮ್ಮ ಚಿಕಿತ್ಸೆಗೆ ನಿಮ್ಮ ಸಹಿ ಸಾಕು. ಗಂಡನ ಸಹಿ ಬೇಕಿಲ್ಲ, ಅತ್ತೆಯ ಅಪ್ಪಣೆ ಬೇಕಿಲ್ಲ! ಇದು ನಿಮ್ಮ ಹಕ್ಕು!"

ಹಾಗೆ ಅವನು ಹೇಳಿದ್ದು ಹತ್ತೊಂಬತ್ತು ಬೀದಿಗಳಲ್ಲಿ. ಇಪ್ಪತ್ತನೆಯದು ಅವನ ಸ್ವಂತ ಬೀದಿ.

ಆ ಬೀದಿಯ ಈ ತುದಿಗೆ ಹಿಟ್ಟಿನ ಗಿರಣಿ, ಆ ತುದಿಗೆ ಟ್ರಾನ್ಸ್‌ಫಾರ್ಮರ್. ನಡುವೆ ನಲವತ್ತು ಮನೆ. ಅದರಲ್ಲೊಂದರ ಮುಂದೆ ಬೆಂಚಿನ ಮೇಲೆ ಅವನ ತಾಯಿ ದಿನವಿಡೀ ಕೂತಿರುತ್ತಾಳೆ. ಎದುರು ಮನೆಯ ಜಗಲಿಯಲ್ಲಿ ನಿವೃತ್ತ ಹೆಡ್‌ಮಾಸ್ತರರು ಪೇಪರು ಹಿಡಿದಿರುತ್ತಾರೆ. ಅವರ ಹೆಂಡತಿ ಅಡುಗೆಮನೆ ಬಿಟ್ಟು ಈಚೆ ಬಂದದ್ದನ್ನು ಬೀದಿ ಅಷ್ಟಾಗಿ ಕಂಡಿಲ್ಲ. ಇವರೆಲ್ಲರ ಮುಂದೆ ಗರ್ಭಕೋಶ ಎನ್ನುವುದೇ? ನಾಳೆ ಹೆಡ್‌ಮಾಸ್ತರರಿಗೆ ಮುಖ ತೋರಿಸುವುದು ಹೇಗೆ? ಗಿರಣಿಯ ತಿರುವು ಬರುತ್ತಲೇ ಹೆಬ್ಬೆರಳು ತಾನಾಗಿ ಮೇಲೇಳುತ್ತಿತ್ತು. ಗಾಡಿ ಪಿಟ್ಟೆನ್ನದೆ ನಲವತ್ತು ಮನೆ ದಾಟಿ, ಟ್ರಾನ್ಸ್‌ಫಾರ್ಮರ್ ಹಿಂದಾದ ಮೇಲೆ ಮತ್ತೆ ಗುಡುಗುತ್ತಿತ್ತು. ನಮ್ಮ ಬೀದಿಯವರು ಓದಿದವರು, ಅವರಿಗೆಲ್ಲ ಗೊತ್ತಿರುತ್ತದೆ ಎಂದು ಮೈಕಣ್ಣ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಗಂಡಸಿನ ಮನಸ್ಸು ಇಂಥ ಸಮಾಧಾನಗಳನ್ನು ಬಹಳ ಬೇಗ ಒಪ್ಪಿಕೊಳ್ಳುತ್ತದೆ.

ಆ ತಿಂಗಳುಗಳಲ್ಲೇ ಮನೆಯ ಹೊಲಿಗೆ ಯಂತ್ರ ನಡುನಡುವೆ ನಿಲ್ಲತೊಡಗಿತು. ಹೆಂಡತಿ ಅದರ ಮೇಲೆ ಹಣೆಯಿಟ್ಟು ಕೂತಿರುವುದನ್ನು ಅವನು ಎರಡು ಮೂರು ಸಲ ಕಂಡ. ಕೆನ್ನೆ ಬಿಳಿಚಿಕೊಂಡಿತ್ತು. ಒಂದು ಶುಕ್ರವಾರ ಹಿತ್ತಲಿಗೆ ಕೈ ತೊಳೆಯಲು ಹೋದಾಗ, ತಂತಿಯ ಮೇಲೆ ಅಗಲವಾದ ಟವಲಿನ ಅಡಿಯಲ್ಲಿ ಹಳೇ ಬಟ್ಟೆಯ ತುಂಡುಗಳು ಒಣಗುತ್ತಿದ್ದುದು ಕಣ್ಣಿಗೆ ಬಿತ್ತು. ನಾಲ್ಕು ವರ್ಷದಿಂದ ಆ ತಂತಿಯ ಮೇಲೆ ಅಂಥ ತುಂಡುಗಳಿರಲಿಲ್ಲ. ಮೈಕಣ್ಣ ಮುಖ ತಿರುಗಿಸಿಕೊಂಡ. ಹೆಂಗಸರ ವಿಷಯ, ತನಗೇಕೆ? ಚಹಾ ಕುಡಿದು, ಗಾಡಿ ಹತ್ತಿ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಅಪಾಯ ಎಂದು ಹತ್ತೊಂಬತ್ತು ಬೀದಿಗೆ ಸಾರಲು ಹೊರಟ. ಇಂಥ ಬೆಪ್ಪುತಕ್ಕಡಿಯನ್ನು ಹುಡುಕಿದರೂ ಇನ್ನೊಬ್ಬ ಸಿಗಲಾರ.

ಒಮ್ಮೆ ಅವಳೇ ಬಾಯಿ ತೆರೆದಿದ್ದಳು. "ರೀ, ನನಗೆ ಯಾಕೋ ಸ್ವಲ್ಪ..."

"ಅಮ್ಮನ್ನ ಕೇಳು," ಎಂದಿದ್ದ ಅವನು, ಗಂಟಲಿಗೆಂದು ಬಿಸಿನೀರು ಗುಟುಕರಿಸುತ್ತ.

ಅಮ್ಮ ಕೇಳಿ ನಕ್ಕಿದ್ದಳು. "ನಿಂತದ್ದು ಮತ್ತೆ ಶುರುವಾಯ್ತಾ? ಒಳ್ಳೇದೇ ಬಿಡು, ಇನ್ನೂ ಮೈಯಲ್ಲಿ ಕಸುವಿದೆ ಅಂತ."

ಮೈಕಣ್ಣ ಮಾತ್ರ ಕೈಕಟ್ಟಿ ಕೂರಲಿಲ್ಲ. ಕೆಂಪು ಬಣ್ಣದ ಟಾನಿಕ್ ಬಾಟಲಿಯೊಂದನ್ನು ತಂದು ಹೊಲಿಗೆ ಯಂತ್ರದ ಪಕ್ಕ ಇಟ್ಟ. ತನ್ನಂಥ ಗಂಡ ಈ ಬೀದಿಯಲ್ಲಿ ಎಷ್ಟು ಮನೆಗಿದ್ದಾನೆ ಎಂದು ಒಳಗೊಳಗೇ ಬೀಗಿದ.

ಆರನೆಯ ತಿಂಗಳು ನರ್ಸಮ್ಮ ಪುಸ್ತಕ ತೆರೆದು ಕೇಳಿದಳು. "ಎಲ್ಲಾ ಬೀದಿಯಿಂದ್ಲೂ ಹೆಂಗಸರು ಬಂದು ತೋರಿಸ್ಕೊಂಡಿದ್ದಾರೆ ಮೈಕಣ್ಣ. ನಿಮ್ಮ ಬೀದಿಯಿಂದ ಮಾತ್ರ ಒಬ್ಬರೂ ಇಲ್ಲ. ಏನು ಸಮಾಚಾರ?"

"ನಮ್ಮದು ಆರೋಗ್ಯವಂತರ ಬೀದಿ ಸಿಸ್ಟರ್," ಎಂದ ಎದೆಯುಬ್ಬಿಸಿ.

ಮರುವಾರದ ಗುರುವಾರ ಹೊಸ ಹಾಳೆ ತರಲು ಹೋದವನು ಕೇಂದ್ರದ ಬಾಗಿಲಲ್ಲೇ ನಿಂತುಬಿಟ್ಟ. ಗೋಡೆಗೆ ಒರಗಿಸಿದ ಉದ್ದ ಬೆಂಚಿನ ಮೇಲೆ, ಹತ್ತು ಹನ್ನೆರಡು ಹೆಂಗಸರ ನಡುವೆ, ಕೈಯಲ್ಲಿ ಹದಿನಾಲ್ಕನೆಯ ನಂಬರಿನ ಚೀಟಿ ಹಿಡಿದು ಅವನ ಹೆಂಡತಿ ಕೂತಿದ್ದಳು.

"ನೀನ್ಯಾಕೆ ಇಲ್ಲಿ?"

"ನೀವೇ ಕರೆದ್ರಲ್ಲ."

"ನಾನಾ? ಯಾವಾಗ?"

"ಮೊನ್ನೆ ಮಂಗಳವಾರ. ದಾರದುಂಡೆ ತರೋಕೆ ಹಿಂದಿನ ಬೀದಿಗೆ ಹೋಗಿದ್ದೆ. ಮುಟ್ಟು ನಿಂತ ಮೇಲೆ ರಕ್ತ ಕಂಡ್ರೆ ಒಂದು ದಿನಾನೂ ತಡ ಮಾಡ್ಬೇಡಿ ಅಂತ ಹೇಳ್ತಾ ಇದ್ರಿ. ನನಗೆ ಆರು ತಿಂಗಳಾಯ್ತು."

ಅವಳು ಧ್ವನಿ ತಗ್ಗಿಸಿರಲಿಲ್ಲ. ಬೆಂಚಿನ ಹೆಂಗಸರೆಲ್ಲ ಕೇಳಿಸಿಕೊಂಡರು. ಮೈಕಣ್ಣ ಸುತ್ತ ನೋಡಿದ.

"ಅಲ್ಲೇ ನಿಂತು ಪೂರ್ತಿ ಕೇಳಿದೆ. ಎಷ್ಟು ಚೆನ್ನಾಗಿ ಬಿಡಿಸಿ ಬಿಡಿಸಿ ಹೇಳ್ತೀರಿ! ಇಷ್ಟೆಲ್ಲಾ ಗೊತ್ತಾ ಇವರಿಗೆ ಅನ್ನಿಸ್ತು. ಆಮೇಲೆ ನಿಮ್ಮ ಗಾಡಿ ಹಿಂದೇನೇ ನಡ್ಕೊಂಡು ಬಂದೆ. ಗಿರಣಿ ಹತ್ರ ಮೈಕು ಕೆಟ್ಟುಹೋಯ್ತು. ಪಾಪ ಅಂದ್ಕೊಂಡೆ. ಟ್ರಾನ್ಸ್‌ಫಾರ್ಮರ್ ದಾಟಿದ ಮೇಲೆ ತಾನಾಗೇ ಸರಿಹೋಯ್ತು."

ಬೆಂಚಿನ ತುದಿಯಲ್ಲಿ ಯಾರೋ ಕಿಸಕ್ಕೆಂದರು. ಮೈಕಣ್ಣನಿಗೆ ಆ ನಗೆಯ ಅವಮಾನವೂ ತಾಗಲಿಲ್ಲ. ಆರು ತಿಂಗಳು ಎಂಬುದಷ್ಟೇ ಕಿವಿಯಲ್ಲಿ ನಿಂತಿತ್ತು. ಎಲ್ಲರಿಗಿಂತ ಚೆನ್ನಾಗಿ ಆ ವಾಕ್ಯದ ಅರ್ಥ ಗೊತ್ತಿದ್ದವನು ಅವನೇ.

ವಾರಕ್ಕೊಮ್ಮೆ ಹೊರಗಿನಿಂದ ಬರುವ ಲೇಡಿ ಡಾಕ್ಟರು ನೋಡಿ, ಗರ್ಭಕೋಶದ ಒಳಗಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. ಗುಮಾಸ್ತ ಫಾರಂ ತಂದವನು ಅಭ್ಯಾಸಬಲದಿಂದ ಅದನ್ನು ಗಂಡನ ಮುಂದೆ ಚಾಚಿದ. ಮೈಕಣ್ಣನೂ ಅಭ್ಯಾಸಬಲದಿಂದ ಜೇಬಿನ ಪೆನ್ನು ತೆಗೆದ. ಹತ್ತೊಂಬತ್ತು ಬೀದಿಗಳಲ್ಲಿ ಐವತ್ತು ಸಲ ಗಂಡನ ಸಹಿ ಬೇಕಿಲ್ಲ ಎಂದು ಕೂಗಿದ ಮಹಾಶಯ, ತನ್ನ ಸಹಿಗೆ ಜಾಗ ಎಲ್ಲಿದೆ ಎಂದು ಹುಡುಕುತ್ತಿದ್ದ.

"ಪೆನ್ನು ಇಲ್ಲಿ ಕೊಡಿ," ಎಂದಳು ಹೆಂಡತಿ. ನಿಧಾನವಾಗಿ, ಹೊಲಿಗೆ ಹಾಕುವಷ್ಟು ಗಮನವಿಟ್ಟು ತನ್ನ ಹೆಸರು ಬರೆದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಸಹಿ ಹೇಗಿರುತ್ತದೆಂದು ಅವನು ನೋಡಿದ್ದು ಅದೇ ಮೊದಲು.

ವರದಿ ಬರಲು ಎರಡು ವಾರ ಹಿಡಿಯಿತು. ಡಾಕ್ಟರು ಮಾತು ಸುತ್ತಿಬಳಸಲಿಲ್ಲ. "ಕ್ಯಾನ್ಸರ್. ಶುರುವಾದಾಗಲೇ ಬಂದಿದ್ರೆ ಗರ್ಭಕೋಶ ತೆಗೆದು ಮನೆಗೆ ಕಳಿಸಿಬಿಡಬಹುದಿತ್ತೇನೋ. ಈಗ ಸ್ವಲ್ಪ ಆಚೆಗೂ ಹಬ್ಬಿರೋ ಹಾಗಿದೆ. ಆಪರೇಷನ್ ಆದ್ಮೇಲೆ ಐದು ವಾರ ಕರೆಂಟ್ ಚಿಕಿತ್ಸೆ, ಅಂದ್ರೆ ರೇಡಿಯೇಷನ್, ಕೊಡಿಸ್ಬೇಕು."

"ಬದುಕ್ತಾಳಾ ಡಾಕ್ಟ್ರೇ?" ಊರಿನ ಅತಿ ದೊಡ್ಡ ಧ್ವನಿ ಮೇಜಿನ ಆಚೆಗೂ ಮುಟ್ಟಲಿಲ್ಲ. ಅವನು ಇನ್ನೊಮ್ಮೆ ಕೇಳಬೇಕಾಯಿತು.

"ಪ್ರಯತ್ನ ಮಾಡೋಣ. ಮುಂಚೆ ಬಂದಿದ್ರೆ ಖಂಡಿತ ಅಂತ ಹೇಳ್ತಿದ್ದೆ. ಯಾಕೆ, ನಿಮ್ಮ ಕಡೆ ಆ ಮೈಕಿನ ಗಾಡಿ ಬರಲ್ವಾ?"

"ಬರುತ್ತೆ," ಎಂದಳು ಹೆಂಡತಿ. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಐವತ್ತು ಸಲ ಅವನು ಅವಳ ಕಿಟಕಿಯ ಮುಂದೆಯೇ ಬಾಯಿ ಮುಚ್ಚಿಕೊಂಡು ಹಾದುಹೋಗಿದ್ದ. ಮನೆಗೆ ಬಂದವನು ಟಾನಿಕ್ ಬಾಟಲಿಯನ್ನು ಎತ್ತಿ ಮೋರಿಗೆ ಸುರಿದ. ಹಿತ್ತಲಲ್ಲಿ ಕೂತು ಅತ್ತ.

ಶುಕ್ರವಾರ ಬಂತು. ಆಪರೇಷನ್ನಿಗೆ ಇನ್ನೂ ಐದು ದಿನವಿತ್ತು. ಇವತ್ತು ಹೋಗುವುದಿಲ್ಲ ಎಂದು ಮೈಕಣ್ಣ ಮೂಲೆಯಲ್ಲಿ ಕೂತಿದ್ದ.

"ರಜೆ ಹಾಕಿ ನನ್ನ ಮುಖ ನೋಡ್ತಾ ಕೂತ್ರೆ ನನಗೆ ವಾಸಿಯಾಗುತ್ತಾ? ಹೋಗಿ," ಎಂದಳು ಹೆಂಡತಿ. "ಹೋಗೋಕೆ ಮುಂಚೆ ಆ ಮೈಕು ಇಲ್ಲಿ ಕೊಡಿ."

ಹೊಲಿಗೆ ಡಬ್ಬಿಯಿಂದ ಅಗಲ ಎಲಾಸ್ಟಿಕ್ಕಿನ ತುಂಡು ತೆಗೆದು, ಎರಡು ತುದಿ ಸೇರಿಸಿ ಹೊಲಿದು ಬಳೆಯ ಹಾಗೆ ಮಾಡಿದಳು. ಮೈಕಿನ ಗುಂಡಿ ಒತ್ತಿ, ಅದರ ಮೇಲೆ ಬಿಗಿಯಾಗಿ ಏರಿಸಿದಳು. ಗುಂಡಿ ಒಳಗೇ ಕೂತಿತು. "ಇನ್ನು ನಿಮ್ಮ ಹೆಬ್ಬೆರಳಿಗೆ ತೊಂದ್ರೆ ಇಲ್ಲ."

ಗಿರಣಿಯ ತಿರುವಿನಲ್ಲಿ ಹೆಬ್ಬೆರಳು ರೂಢಿಯಂತೆ ಮೇಲೆದ್ದಿತು. ಮೈಕು ನಿಲ್ಲಲಿಲ್ಲ. ಗಿರಣಿಯ ಗಡಗಡ, ಗಾಡಿಯ ಕೆಮ್ಮು, ಮೈಕಣ್ಣನ ಉಸಿರು ಎಲ್ಲವೂ ಸ್ಪೀಕರಿನಿಂದ ಬೀದಿಗೆ ಬಿದ್ದವು. ಹೆಡ್‌ಮಾಸ್ತರರ ಪೇಪರು ಒಂದಿಷ್ಟು ಕೆಳಗಿಳಿಯಿತು. ಬೆಂಚಿನ ಮೇಲಿದ್ದ ತಾಯಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಮೈಕಣ್ಣ ತನ್ನ ಮನೆಯ ಮುಂದೆ ಗಾಡಿ ನಿಲ್ಲಿಸಿ ಹಾಳೆ ಹಿಡಿದ.

"ತಾಯಂದಿರೇ... ಅಕ್ಕತಂಗಿಯರೇ... ಮುಟ್ಟು ನಿಂತು ವರ್ಷವಾದ ಮೇಲೆ..."

"ಲೋ, ಬೀದಿ ಕಣೋ ಇದು! ಮಾನ ಇಲ್ವೇನೋ ನಿನಗೆ?" ತಾಯಿ ಬೆಂಚಿನಿಂದ ಅರ್ಧ ಎದ್ದಳು.

ಮೈಕಣ್ಣನ ತುಟಿ ಅಲುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಆಗ ಹೊಲಿಗೆ ಯಂತ್ರದ ಸದ್ದು ನಿಂತು, ಕಿಟಕಿಯ ಸರಳಿನ ಹಿಂದೆ ಹೆಂಡತಿಯ ಮುಖ ಕಾಣಿಸಿತು.

"ಕೇಳಿಸ್ತಿಲ್ಲ ಕಣ್ರೀ. ಜೋರಾಗಿ ಹೇಳಿ."

ಅವನು ಹೇಳಿದ. ರಾಗ, ಗುಡುಗು ಯಾವುದೂ ಇರಲಿಲ್ಲ. ನಡುವೆ ಎರಡು ಸಲ ಧ್ವನಿ ಒಡೆಯಿತು. ಗಂಡನ ಸಹಿ ಬೇಕಿಲ್ಲ ಎನ್ನುವವರೆಗೆ, ಇದು ನಿಮ್ಮ ಹಕ್ಕು ಎನ್ನುವವರೆಗೆ, ಒಂದಕ್ಷರ ಬಿಡದೆ ಹೇಳಿದ. ತಾಯಿ ಸೊಸೆಯ ಕಿಟಕಿಯ ಕಡೆ ನೋಡಿ ಮೆಲ್ಲನೆ ಮತ್ತೆ ಕೂತಳು.

ಎದುರು ಮನೆಯ ಬಾಗಿಲು ಸದ್ದಾಯಿತು. ಹೆಡ್‌ಮಾಸ್ತರರ ಹೆಂಡತಿ ಒದ್ದೆ ಕೈಯಲ್ಲೇ ಜಗಲಿಗೆ ಬಂದಿದ್ದಳು. "ಒಳಗೆ ನಡಿಯೇ," ಎಂದರು ಹೆಡ್‌ಮಾಸ್ತರರು. ಅವಳು ನಡೆಯಲಿಲ್ಲ. ಮೆಟ್ಟಿಲಿಳಿದು ಗಾಡಿಯ ಹತ್ತಿರಕ್ಕೆ ಬಂದಳು.

"ಅದೇನಪ್ಪಾ, ನಿಂತ ಮೇಲೆ ಮತ್ತೆ ಕಂಡ್ರೆ ಅಂದ್ಯಲ್ಲ, ಅದನ್ನ ಇನ್ನೊಂದು ಸಲ ಹೇಳು," ಎಂದಳು. "ಎರಡು ವರ್ಷ ಆಗಿದ್ರೂ ಬಂದು ತೋರಿಸ್ಬಹುದಾ?"

ಎಲಾಸ್ಟಿಕ್ಕು ಬಿಗಿದ ಮೈಕು ಅವಳ ಪ್ರಶ್ನೆಯನ್ನೂ ಗಿರಣಿಯಿಂದ ಟ್ರಾನ್ಸ್‌ಫಾರ್ಮರ್‌ವರೆಗೆ ಮುಟ್ಟಿಸಿತ್ತು.