ಒಲೆಯ ಮಸಿಗೆ ಬಣ್ಣ ಹಚ್ಚುವವರು

ಕ್ಷಮಿಸಿ, ಹಾಸ್ಟೆಲ್‌ನಲ್ಲಿ ಓದಿದ ನನ್ನ ಕನ್ನಡ ಅರ್ಧ ಇಂಗ್ಲಿಷ್. ಬರೆಯಲಿಕ್ಕೆ ಹೆದರಿಕೆ, ಆದರೆ ಸಿಟ್ಟು ತಡೆಯಲಿಕ್ಕೆ ಆಗವಲ್ದು.

ಇವತ್ತು ವಾಸ್ಕೋ ಹತ್ತಿರ ಸ್ವಯಂಸೇವಕರು ನಡೆಸುವ ರೈಲ್ವೆ ಮ್ಯೂಸಿಯಂಗೆ ಹೋಗಿದ್ದೆ. ಹಳೇ ರೈಲು ಡಬ್ಬಿಯೊಂದನ್ನು ಹತ್ತಿದ ಕೂಡಲೇ ಗ್ರೀಸ್, ಹೊಗೆ ಕೂಡಿದ ಅದೇ ವಾಸನೆ.

ಅಪ್ಪ ಹಳಿ ರಿಪೇರಿ ಗ್ಯಾಂಗಿನಲ್ಲಿದ್ದ. ಕುಡಚಡೆ ಸ್ಟೇಷನ್ನಿನಲ್ಲಿ ಇಂಥದೇ ಡಬ್ಬಿ ನಮ್ಮ ಮನೆ. ಕೆಲಸ ಮುಂದೆ ಸರಿದಂತೆ ಎಂಜಿನ್ ಬಂದು ಮನೆಯನ್ನೇ ಎಳೆದುಕೊಂಡು ಹೋಗುತ್ತಿತ್ತು. ಅವ್ವ ರೊಟ್ಟಿ ಬಡಿಯುವುದು ಬಿಟ್ಟು ಪಕ್ಕದ ಡಬ್ಬಿಯವರಿಗೆ ಕೂಗುತ್ತಿದ್ದಳು: "ಒಲಿ ಆರಿಸ್ರವ್ವಾ, ಮನಿ ಹೊಂಟೈತಿ!"

ಅಪ್ಪ ನಗುತ್ತಿದ್ದ: "ತವರಮನಿಗೆ ಹೋಗಬೇಕಂತಿದ್ದಿಲ್ಲ? ಮನಿ ಸಮೇತ ನಡಿ!"

ಮ್ಯೂಸಿಯಂ ಡಬ್ಬಿಯ ಮೂಲೆಯಲ್ಲೂ ಒಲೆಯ ಮಸಿ ಇದೆ. ನಡುವೆ ಚಹಾ ಕುಡಿಯುವ ಸಾಹೇಬನ ಗೊಂಬೆ! ಮ್ಯೂಸಿಯಂ ತೋರಿಸುತ್ತಿದ್ದ ಅಂಕಲ್ ನಮ್ಮ ಧಾರವಾಡ ಕಡೆಯವರೇ. "ಯಾರೋ ಹೊಲಸು ಮಾಡ್ಯಾರ. ಭಾನುವಾರ ಬಣ್ಣ ಹಚ್ಚತೇವಿ" ಅಂದರು.

"ಇದರಾಗ ಗ್ಯಾಂಗಿನವರ ಸಂಸಾರ ಇದ್ದವ್ರಿ" ಅಂದೆ.

"ಪ್ರೂಫ್ ಐತೇನು?"

ಸಾಹೇಬ ಇಲ್ಲಿ ಚಹಾ ಕುಡಿದದ್ದಕ್ಕೆ ಯಾರು ಪ್ರೂಫ್ ಕೇಳಿದ್ದರು? ನಮ್ಮ ಅವ್ವಂದಿರು ಅಡಿಗೆ ಮಾಡಿದ್ದು ಹೊಲಸಾ?

ಇಂಥ ಡಬ್ಬಿಯಲ್ಲಿ ಬಾಳಿದವರು, ಒಂದು ಫೋಟೋ ಇದ್ದವರು, ದಯವಿಟ್ಟು ಶನಿವಾರದೊಳಗೆ ರಿಪ್ಲೈ ಮಾಡಿ.