ನೀಲಮ್ಮನ ಚಸ್ಮಾ, ನನ್ನ ಪಿಎಚ್.ಡಿ.

ನನ್ನ ಪಿಎಚ್.ಡಿ. ಹೋದ ವಾರ ಇಳಕಲ್‌ನ ಒಂದು ಪಡಸಾಲೆಯಲ್ಲಿ ನೆಲ ಕಚ್ಚಿತು. ಕೆಡವಿದವರು ನೀಲಮ್ಮ. ಓದಿದ್ದು ಮೂರನೆಯ ಇಯತ್ತೆ.

ನಮ್ಮ ಬಾಗಲಕೋಟೆ ಮನೆಯ ಗೇಟಿನ ಮೇಲೆ ‘ಡಾ.’ ಎಂದು ಬರೆಸಿರುವುದು ನಿಮಗೆ ಗೊತ್ತೇ ಇದೆ. (ಎಷ್ಟು ಸಲ ಹೇಳಿದ್ದೇನೋ, ಸಂಪಾದಕರಿಗೇ ಬೇಸರ ಬಂದಿದೆ.) ಅದನ್ನು ಕೊಡಿಸಿದ್ದು ಇಳಕಲ್ ಸೀರೆ ಕೆಲಸದ ಹೆಣ್ಣುಮಕ್ಕಳ ಆರೋಗ್ಯದ ಮೇಲೆ ನಾನು ಬರೆದ ದಪ್ಪ ಪ್ರಬಂಧ. ಇಪ್ಪತ್ತು ವರ್ಷದ ಹಿಂದಿನ ಮಾತು. ಅಂದಿನಿಂದ ಅದನ್ನು ಓದಿದವರು ಇಬ್ಬರೇ, ಪರೀಕ್ಷಕರು. ಅವರಾದರೂ ಖರೆ ಓದಿದರೋ ಇಲ್ಲವೋ, ದೇವರಿಗೇ ಗೊತ್ತು.

ಮೂರನೆಯವಳು ಸುಜಾತಾ. ಬೇವೂರಿನ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ. ಎಂ.ಎಸ್.ಡಬ್ಲ್ಯು. ಮುಗಿಸಿ ಒಂದು ವರ್ಷದ ಫೆಲೋಶಿಪ್ ಹಿಡಿದಿದ್ದಾಳೆ. ಕಾಲೇಜಿನ ಕಪಾಟಿನಲ್ಲಿ ಮಲಗಿರುವ ಸಂಶೋಧನೆಯನ್ನು ಎಬ್ಬಿಸಿ ಜನರ ಉಪಯೋಗಕ್ಕೆ ತರಬೇಕಂತೆ. ಅಷ್ಟು ದೊಡ್ಡ ಕಪಾಟಿನಲ್ಲಿ ಅವಳ ಕೈಗೆ ಸಿಕ್ಕಿದ್ದು ನನ್ನದೇ!

“ಸರ್, ನಿಮ್ಮ ಥೀಸಿಸ್ ಓದೇನ್ರಿ” ಎಂದು ಫೋನ್ ಮಾಡಿದಳು.

“ಪೂರ್ತಿ?” ಎಂದೆ.

“ಪೂರ್ತಿರೀ. ಆದ್ರ ಕಣ್ಣಿನ ಮ್ಯಾಲಿನ ಅಧ್ಯಾಯ ಒಂದ್ ತಿಳೀಲಿಲ್ಲ.”

ತಿಳಿಯಲಿಲ್ಲ ಎಂದರೆ ನನ್ನ ಭಾಷೆ ಗಂಭೀರವಾಗಿದೆ ಎಂದು ಅರ್ಥ ಮಾಡಿಕೊಂಡೆ. ಯಾರೂ ಕರೆಯದಿದ್ದರೂ ಮಾರ್ಗದರ್ಶಕನಾಗಿ ಹೊರಟೇಬಿಟ್ಟೆ. ಹುನಗುಂದ ದಾಟುವವರೆಗೂ ಬಸ್ಸಿನಲ್ಲಿ ಉಪದೇಶ. ಮೊದಲು ಪ್ರಶ್ನಾವಳಿ ಮಾಡು. ಆಮೇಲೆ ಟೇಬಲ್ ಹಾಕು. ಭಾವನೆಗೆ ಜಾಗ ಕೊಡಬೇಡ. ಅವಳು ಕಿಟಕಿಯ ಹೊರಗೆ ನೋಡುತ್ತ “ಹೂಂ ರೀ” ಎನ್ನುತ್ತಿದ್ದಳು.

ಇಳಕಲ್‌ನಲ್ಲಿ ಹೋಗಿದ್ದು ಸೀರೆ ನೇಯಿಸುವ ಶೇಖರಪ್ಪ ಸಾವಕಾರರಲ್ಲಿಗೆ. ಅಂದೂ ಅವರ ಪಡಸಾಲೆಯಲ್ಲೇ ಕೂತು ನಾನು ಮಾಹಿತಿ ಸಂಗ್ರಹಿಸಿದ್ದೆ. ಅದೇ ಚಹಾ, ಅದೇ ಮಿರ್ಚಿ ಭಜಿ. ಮೂಲೆಯಲ್ಲಿ ಅದೇ ನೀಲಮ್ಮ, ಕೊಂಡಿ ಹಾಕುತ್ತ ಕೂತಿದ್ದರು. ಕೊಂಡಿ ಎಂದರೆ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಜೋಡಿಸುವುದು. ಕೂದಲಿನಂಥ ಎಳೆ. ಒಂದು ತಪ್ಪಿದರೆ ಸೀರೆಯೇ ಹೋಯಿತು.

“ನೀಲಮ್ಮಾರ, ಕಣ್ಣಿನ ತ್ರಾಸ ಏನರ ಐತೇನ್ರಿ?” ಎಂದು ಕೇಳಿದೆ, ಇಪ್ಪತ್ತು ವರ್ಷದ ಹಿಂದೆ ಕೇಳಿದ ಹಾಗೇ.

ಅವರು ಸಾವಕಾರರ ಕಡೆ ಒಮ್ಮೆ ನೋಡಿದರು. “ಏನ್ ಇಲ್ರಿ ಸರ್. ಆರಾಮ್ ಕಾಣತೈತ್ರಿ.”

ನಾನು ಸುಜಾತಾಳ ಕಡೆ ತಿರುಗಿ ಹುಬ್ಬು ಹಾರಿಸಿದೆ. ನೋಡಿದೆಯಾ, ಇಷ್ಟು ವರ್ಷವಾದರೂ ನನ್ನ ಫಲಿತಾಂಶ ಅಲುಗಾಡಿಲ್ಲ! ಭಜಿ ಮುಗಿಸಿ ಸಂಜೆ ಬಸ್ಸಿಗೆ ವಾಪಸ್ಸು ಬಂದೆ.

ಅವಳು ಬರಲಿಲ್ಲ. ಅಲ್ಲೇ ಒಂದು ಬಾಡಿಗೆ ಕೋಣೆ ಹಿಡಿದು, ಒಂದು ತಿಂಗಳು ನೀಲಮ್ಮನ ಪಕ್ಕದಲ್ಲಿ ಕೂತು ಕೊಂಡಿ ಹಾಕುವುದನ್ನು ಕಲಿತಳು. ಪ್ರಶ್ನಾವಳಿ ಮಾಡಲೇ ಇಲ್ಲ. ಫೋನಿನಲ್ಲಿ ಬೈದೆ. “ಇದು ರಿಸರ್ಚೇನವ್ವಾ, ಮನಿಗೆಲಸ ಇದು” ಎಂದೆ. ನಕ್ಕಳು.

ಆದರೆ ಕೂತವಳಿಗೆ ಕಂಡಿತು. ನೀಲಮ್ಮ ಎಳೆಯನ್ನು ನೋಡುತ್ತಲೇ ಇರಲಿಲ್ಲ, ಬೆರಳಿನಲ್ಲಿ ಮುಟ್ಟಿ ಹುಡುಕುತ್ತಿದ್ದರು. ಕರಿ ಎಳೆ ಬಂದರೆ ಹೊಸ್ತಿಲ ಬೆಳಕಿಗೆ ಸರಿಯುತ್ತಿದ್ದರು. ಸಾವಕಾರರು ಊಟಕ್ಕೆ ಹೋದಾಗ ಪಕ್ಕದಾಕೆಯಿಂದ ಮೆಲ್ಲಗೆ ತಾಳೆ ನೋಡಿಸಿಕೊಳ್ಳುತ್ತಿದ್ದರು.

ಒಂದು ದಿನ ತಾವೇ ಬಾಯಿ ಬಿಟ್ಟರಂತೆ, ಸುಜಾತಾ ಫೋನಿನಲ್ಲಿ ಹೇಳಿದಳು. “ಆವಾಗೂ ಹೇಳಲಿಲ್ಲ, ಈಗೂ ಕಾಣಂಗಿಲ್ಲಂತ ಹೆಂಗ ಹೇಳಲೆವ್ವಾ? ಚಸ್ಮಾ ಹಾಕ್ಕೊಂಡಾಕಿನ ಕೊಂಡಿಗೆ ಕುಂದ್ರಸೂದಿಲ್ಲ ಇಲ್ಲಿ. ಕಂಡಿಕಿ ಸುತ್ತಾಕ ಹಚ್ಚತಾರ.” ಕಂಡಿಕೆಗೆ ನೂಲು ಸುತ್ತುವ ಕೆಲಸಕ್ಕೆ ಕೂಲಿ ಕಡಿಮೆ, ಮರ್ಯಾದೆ ಇನ್ನೂ ಕಡಿಮೆ. ಕಣ್ಣು ಹೋಗಿದೆ ಎಂದರೆ ನೀಲಮ್ಮನ ಕೈಯಿಂದ ಕೊಂಡಿಯೂ ಹೋದಂತೆ.

ಅಂದರೆ ಮಹಾರಾಯರೇ, ನಾನು ಮಾಡಿದ್ದೇನು? ಕೆಲಸ ಕೊಡುವವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಭಜಿ ತಿನ್ನುತ್ತ, ಕೆಲಸ ಮಾಡುವವಳನ್ನು ‘ನಿನಗೆ ಕಾಣುತ್ತದೆಯೇ’ ಎಂದು ಕೇಳಿದ್ದೆ. ಅದನ್ನೇ ಟೇಬಲ್ ಹಾಕಿದ್ದೆ. ಅದಕ್ಕೇ ಘಟಿಕೋತ್ಸವದಲ್ಲಿ ಗೌನು ತೊಟ್ಟು ಫೋಟೋ ತೆಗೆಸಿಕೊಂಡಿದ್ದೆ! ಕೇಳಿ ನಾಚಿಕೆಯಾಯಿತು. ಆ ರಾತ್ರಿ ಊಟ ಸೇರಲಿಲ್ಲ. (ಹೆಂಡತಿ ಅಸಿಡಿಟಿ ಎಂದುಕೊಂಡಳು. ನಾನೂ ತಿದ್ದಲಿಲ್ಲ.)

ಹೋದ ವಾರ ಸುಜಾತಾ ತಾನೇ ನನ್ನನ್ನು ಇಳಕಲ್‌ಗೆ ಕರೆದಳು, ಹೋದೆ. ಅಷ್ಟರಲ್ಲಿ ಕಣ್ಣಿನ ಡಾಕ್ಟರರ ಹತ್ತಿರ ಕರೆದೊಯ್ದು ನೀಲಮ್ಮನಿಗೆ ಚಸ್ಮಾ ಮಾಡಿಸಿದ್ದಳು. ಆದರೆ ಅದು ಸೆರಗಿನ ಗಂಟಿನಲ್ಲೇ ಇತ್ತು. ಸಾವಕಾರರ ಚಪ್ಪಲಿ ಸದ್ದು ಕೇಳಿದರೆ ಸಾಕು, ಮೂಗಿನಿಂದ ಗಂಟಿಗೆ.

ಸಾವಕಾರರು ಪಡಸಾಲೆಗೆ ಬಂದು ಕೂತರು. ಸುಜಾತಾ ಒಂದು ಜೋಡಣೆಯನ್ನು ಅವರ ಮುಂದೆ ಹಿಡಿದಳು. “ಕಾಕಾರ, ಇದು ನಾ ಹಾಕಿದ್ ಕೊಂಡಿ. ಇದರಾಗ ಒಂದ್ ಎಳಿ ತಪ್ಪೇತಿ. ಎಲ್ಲೈತಿ ಹೇಳ್ರಿ ನೋಡೂನು.”

ಸಾವಕಾರರು ಅದನ್ನು ಹತ್ತಿರ ಹಿಡಿದರು. ದೂರ ಹಿಡಿದರು. ಇನ್ನೂ ದೂರ ಹಿಡಿಯಲು ಕೈ ಸಾಲಲಿಲ್ಲ. “ಬೆಳಕ ಕಮ್ಮಿ ಐತಿ” ಎಂದರು. ಹೊರಗೆ ಇಳಕಲ್‌ನ ಬಿಸಿಲು ಧಗಧಗ ಎನ್ನುತ್ತಿತ್ತು.

ನೀಲಮ್ಮ ಎದ್ದರು. ಸೆರಗಿನ ಗಂಟು ಬಿಚ್ಚಿದರು. ಎಲ್ಲರೆದುರು ಚಸ್ಮಾ ಏರಿಸಿ, ಒಂದೇ ನೋಟಕ್ಕೆ ಬೆರಳಿಟ್ಟರು. “ಇಲ್ಲೈತ್ರಿ ಸಾವಕಾರ್ರ.”

ಸಾವಕಾರರು ನೀಲಮ್ಮನನ್ನೇ ನೋಡಿದರು.

“ಇತ್ತ ಕೊಡ ಅದನ್ನ” ಎಂದು ಚಸ್ಮಾ ಇಸಿದುಕೊಂಡು ತಾವೇ ಹಾಕಿಕೊಂಡರು. “ಅಲಲಲಾ! ಹಗ್ಗದಂಗ ಕಾಣತಾವಲ್ಲೋ ಎಳಿ!” ಜೋಡಣೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಚಸ್ಮಾ ಮರಳಿ ಕೊಟ್ಟರು. “ಹಾಕ್ಕೊಂಡ ಕುಂದ್ರ ಕೊಂಡಿಗೆ. ಮುಚ್ಚಿಡಬ್ಯಾಡ. ಯವ್ವಾ ಸುಜಾತಾ, ನನಗೂ ಒಂದ್ ಮಾಡಸವಾ.”

ನೀಲಮ್ಮ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಅಷ್ಟಿಷ್ಟಾದರೂ ಉಳಿಯುತ್ತಿತ್ತು. ನೀಲಮ್ಮ ನನ್ನ ಕಡೆ ತಿರುಗಿದರು. “ಸರ್, ಆವಾಗ ಭಾಳ ಬರಕೊಂಡ ಹೋಗಿದ್ರಿ. ನಮ್ಮ ಕಣ್ಣಿನ ಬಗ್ಗೆ ಏನ್ ಬರದೀರಿ, ಓದ್ರಲಾ ಕೇಳೂನು.”

ಮರೆತಿದ್ದೇನೆ ಎನ್ನಬೇಕೆಂದಿದ್ದೆ. ಸುಜಾತಾ (ಗುರುದ್ರೋಹಿ!) ಬ್ಯಾಗಿನಿಂದ ನನ್ನ ಥೀಸಿಸ್ಸಿನ ಝೆರಾಕ್ಸ್ ತೆಗೆದು ಅದೇ ಪುಟ ತೆರೆದುಕೊಟ್ಟಳು. ಜೇಬು ತಡಕಿದೆ. ನನ್ನ ಚಸ್ಮಾ ಬಾಗಲಕೋಟೆಯಲ್ಲೇ ಉಳಿದಿತ್ತು. ಪುಟವನ್ನು ಹತ್ತಿರ ಹಿಡಿದೆ, ದೂರ ಹಿಡಿದೆ.

“ತೊಗೊಳ್ರಿ” ಎಂದು ನೀಲಮ್ಮ ತಮ್ಮದನ್ನೇ ಕೊಟ್ಟರು. ಹಾಕಿಕೊಂಡೆ. ಅಕ್ಷರಗಳು ಸ್ಪಷ್ಟವಾಗಿ ಕಂಡವು. ಓದಿದೆ: “ಕೊಂಡಿ ಹಾಕುವ ಮಹಿಳೆಯರಲ್ಲಿ ಕಣ್ಣಿನ ಯಾವುದೇ ತೊಂದರೆ ಕಂಡುಬಂದಿರುವುದಿಲ್ಲ.”

ನೀಲಮ್ಮ ಕೈ ಚಾಚಿ ತಮ್ಮ ಚಸ್ಮಾ ವಾಪಸ್ಸು ತೆಗೆದುಕೊಂಡರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು:

“ಇದನ್ನ ಬರಿಯೂಮುಂದ ಚಸ್ಮಾ ಹಾಕ್ಕೊಂಡಿರಲಿಲ್ಲೇನ್ರಿ ಸರ್?”